ತಾಡಪತ್ರಿಯ ನೀಲಿ

ವಾಡಿಯ ಸಿದ್ರಾಮಪ್ಪ ಕಾಕಾ ನಾಣ್ಯದ ಫೋಟೊ ತೆಗೆಯುವ ಮೊದಲು ನೆಲಕ್ಕೆ ಅಂಗೈ ಊರಿ ಕೂರುತ್ತಿದ್ದರು. ಅವರ ಮನೆ ರೈಲು ಹಳಿಗೆ ಹತ್ತಿರ. ಸಿಮೆಂಟ್ ತುಂಬಿದ ಗೂಡ್ಸ್ ಗಾಡಿ ಹಾದರೆ ಕ್ಯಾಮೆರಾದ ಸ್ಟ್ಯಾಂಡ್ ಕಣ್ಣಿಗೆ ಕಾಣದಷ್ಟು ನಡುಗುತ್ತಿತ್ತು. ಆ ನಡುಕಕ್ಕೆ ನಾಣ್ಯದ ಮೇಲಿನ ಅಕ್ಷರ ಮಸುಕಾಗುತ್ತಿತ್ತು. ನೆಲ ಸುಮ್ಮನಾಗಿದೆ ಎಂದು ಅಂಗೈಗೆ ಖಾತ್ರಿಯಾದ ಮೇಲೆಯೇ ಅವರು ಗುಂಡಿ ಒತ್ತುತ್ತಿದ್ದರು. ಒಂದೇ ಒಂದು ನಾಣ್ಯಕ್ಕಾಗಿ ನಾನೂ ಅವರ ಜೊತೆ ಮೂರು ಗೂಡ್ಸ್ ಗಾಡಿ ಕಾದದ್ದುಂಟು.

ಅವರು ರೈಲ್ವೆಯಲ್ಲಿ ಗಾಡಿಗಳ ಗಾಲಿ ತಪಾಸಣೆ ಮಾಡಿ ನಿವೃತ್ತರಾದವರು. ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಗಾಲಿಯ ಬಿರುಕು ಹೇಳುತ್ತಿದ್ದರಂತೆ. ಆ ಬಿಗಿ ನಿವೃತ್ತಿಯ ನಂತರವೂ ಸಡಿಲಲಿಲ್ಲ. ಕ್ಯಾಮೆರಾ ಕಲಿತದ್ದು ಅರವತ್ತು ದಾಟಿದ ಮೇಲೆ.

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯ ನಾಣ್ಯಸಂಗ್ರಾಹಕರದ್ದು ಒಂದು ವಾಟ್ಸಾಪ್ ಗುಂಪಿದೆ. ಸೇಡಂನಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ನಾನು ಸುದ್ದಿಗೆಂದು ಸೇರಿ ಅಲ್ಲೇ ಉಳಿದೆ. ಈ ಜನ ತಮ್ಮ ಒಳ್ಳೆಯ ನಾಣ್ಯಗಳನ್ನು ದೊಡ್ಡ ಊರಿನ ಪರೀಕ್ಷಕರಿಗೆ ಕಳಿಸುತ್ತಾರೆ. ಅವರು ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಮರಳಿಸುತ್ತಾರೆ. ಆಮೇಲೆ ಆ ನಾಣ್ಯವನ್ನು ಯಾರೂ ಮುಟ್ಟುವ ಹಾಗಿಲ್ಲ. ಗುಂಪಿನವರು ನೋಡುವುದು ಫೋಟೊ ಮಾತ್ರ. ಹೊಳೆಯುವ ಪ್ಲಾಸ್ಟಿಕ್ಕಿನ ಒಳಗಿನ ಬೆಳ್ಳಿಯನ್ನು ಹಿಡಿಯುವುದು ಕಷ್ಟದ ಕೆಲಸ. ಅದು ಕಾಕಾನಿಗೆ ಒಲಿದಿತ್ತು. ಎಲ್ಲರೂ ನಾಣ್ಯವನ್ನು ವಾಡಿಗೆ ತರುತ್ತಿದ್ದರು.

ಗೀರು ಮರೆಯಾಗುವಂತೆ ಬೆಳಕು ಓರೆ ಮಾಡಿ ಎಂದರೆ ಅವರು ಒಪ್ಪುತ್ತಿರಲಿಲ್ಲ. "ಗೀರು ಅದ ಅಂದ್ರ ಅದ. ನಾ ಯಾಕ ಮುಚ್ಚಲಿ?" ಎನ್ನುತ್ತಿದ್ದರು. ವಿದ್ಯುತ್ ದೀಪದ ಮೇಲೂ ನಂಬಿಕೆ ಇರಲಿಲ್ಲ. ಖಿಡಕಿಯಿಂದ ಬರುವ ಹಗಲ ಬೆಳಕು, ಅದನ್ನು ಹರಡಲು ಒಂದು ಬಿಳಿ ಥರ್ಮಾಕೋಲ್ ಹಲಗೆ, ಅಷ್ಟೇ.

ಚಂದಾಪುರದ ನಿಂಗಮ್ಮ ಅಕ್ಕೋರು ಗುಂಪಿನಲ್ಲಿದ್ದ ಒಬ್ಬರೇ ಹೆಂಗಸು, ನಿವೃತ್ತ ಶಾಲಾಶಿಕ್ಷಕಿ. ಅವರ ಬಳಿ ಇದ್ದದ್ದು ಒಂದೇ ನಾಣ್ಯ. ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕ, ಚಾರ್‌ಮಿನಾರ್ ಇರುವ ನಿಜಾಮರ ಕಾಲದ ಬೆಳ್ಳಿ ರೂಪಾಯಿ. ಅದಕ್ಕೆ ಒಳ್ಳೆಯ ಅಂಕ ಬಂತು. ಕಾಕಾ ತೆಗೆದ ಫೋಟೊದಲ್ಲಿ ಅದರ ಒಂದು ಅಂಚಿನುದ್ದಕ್ಕೂ ನವಿಲಿನ ಕೊರಳಿನಂಥ ನೀಲಿ ಇತ್ತು. ಹಳೆಯ ಬೆಳ್ಳಿಗೆ ವರ್ಷಗಳು ಕಳೆದಂತೆ ತಾನಾಗಿ ಬಣ್ಣ ಕೂಡುವುದುಂಟು, ಅದು ಬೆಳಕಿನ ಒಂದು ಓರೆಯಲ್ಲಷ್ಟೇ ಕಣ್ಣಿಗೆ ಬೀಳುತ್ತದೆ, ಸಂಗ್ರಾಹಕರಿಗೆ ಅದೆಂದರೆ ಜೀವ. ಗುಂಪು ಎರಡು ದಿನ ಬೇರೆ ಮಾತಾಡಲಿಲ್ಲ. ಇಪ್ಪತ್ತು ನಾಣ್ಯ ಇದ್ದವರ ಮುಂದೆ ಒಂದೇ ನಾಣ್ಯದ ಅಕ್ಕೋರು ದೊಡ್ಡವರಾದರು.

ಶಹಾಬಾದದ ಖಾಜಾ ಭಾಯಿ ಮಾತ್ರ ಒಪ್ಪಲಿಲ್ಲ. ಭಂಕೂರಿನಿಂದ ನೆಲಕ್ಕೆ ಹಾಸುವ ಪರಸಿ ಕಲ್ಲು ತರಿಸಿ ಪಾಲಿಶ್ ಮಾಡಿ ಮಾರುವ ಅವರದು ಹೊಳಪಿನ ಜೊತೆಗಿನ ಬದುಕು. ಈ ನೀಲಿ ಮೊಬೈಲಿನಲ್ಲಿ ಕೂಡಿಸಿದ್ದು ಎಂದು ಬರೆದರು. ಕಾಕಾ ಒಂದೇ ಸಾಲು ಉತ್ತರಿಸಿದರು, ಬೆಳಕಿನಲ್ಲಿ ಕಂಡದ್ದನ್ನೇ ತೆಗೆದಿದ್ದೇನೆ ಎಂದು. ಅವರ ಮಾತಿಗೆ ಎದುರು ಮಾತಿರಲಿಲ್ಲ. ಎಲ್ಲರೂ ಖಾಜಾ ಭಾಯಿಯನ್ನೇ ಹೊಟ್ಟೆಕಿಚ್ಚಿನವರೆಂದು ಚುಚ್ಚಿದರು.

ಕೆಲವು ವಾರಗಳ ನಂತರ ಕಾಕಾ ನನಗೆ ಫೋನ್ ಮಾಡಿ, ಚಂದಾಪುರಕ್ಕೆ ಹೋಗುವುದಿದೆ, ಸೇಡಂನಲ್ಲಿ ಬಸ್ಸು ಹತ್ತು ಎಂದರು. ಕ್ಯಾಮೆರಾದ ಚೀಲ ತೊಡೆಯ ಮೇಲಿಟ್ಟುಕೊಂಡೇ ಬಂದರು. ಅಕ್ಕೋರ ಮನೆಯಲ್ಲಿ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಕೋರೆ, ನಿಮ್ಮ ರೂಪಾಯಿ ನೀಲಿ ಇಲ್ರಿ," ಎಂದರು. "ಆ ನೀಲಿ ನಮ್ಮ ಬಾಜೂ ಮನಿಯವ್ರ ತಾಡಪತ್ರಿದು."

ಪಕ್ಕದ ಮನೆಯವರು ಅಂಗಳದಲ್ಲಿ ತೊಗರಿ ರಾಶಿಗೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು. ಅದರ ಮೇಲೆ ಬಿದ್ದ ಬಿಸಿಲು ಖಿಡಕಿಯಿಂದ ಒಳಗೆ ಬಂದು ನಾಣ್ಯದ ಅಂಚಿಗೆ ಹತ್ತಿತ್ತು. ರಾಶಿ ಮಾರಾಟವಾಗಿ ತಾಡಪತ್ರಿ ಮಡಚಿದ ಮೇಲೆ ಕಾಕಾನಿಗೆ ತಿಳಿಯುವ ದಾರಿ ಇರಲಿಲ್ಲ. ಮತ್ತೊಂದು ರಾಶಿ ಬಂದು ಅದೇ ತಾಡಪತ್ರಿ ಹರಡಿದಾಗ, ಮೇಜಿನ ಮೇಲಿದ್ದ ಹೊಸ ನಾಣ್ಯವೂ ಅದೇ ಅಂಚಿನಲ್ಲಿ ನೀಲಿಯಾಗಿ ಕಂಡಿತು.

ಅಕ್ಕೋರು ಬಹಳ ಹೊತ್ತು ತಮ್ಮ ಮೊಬೈಲಿನಲ್ಲಿದ್ದ ಆ ಚಿತ್ರವನ್ನೇ ನೋಡಿದರು. "ನೀವು ಹೇಳದಿದ್ರ ಯಾರಿಗಿ ಗೊತ್ತಾಗ್ತಿತ್ತು?"

"ನನಗ ಗೊತ್ತಾಗಿ ಎಂಟು ದಿನ ಆಯ್ತ್ರಿ."

"ಎಂಟು ದಿನ ಏನ್ ಮಾಡ್ಲಿಕತ್ತಿದ್ರಿ?"

"ಹೇಳೂದು ಬ್ಯಾಡ ಅಂತ ವಿಚಾರ ಮಾಡ್ಲಿಕತ್ತಿದ್ದೆ."

ಅಕ್ಕೋರು ನಕ್ಕುಬಿಟ್ಟರು. "ಮೂವತ್ತು ವರ್ಷ ಸಾಲಿ ಕಲಿಸೀನಿ. ಕೇಳೂಕಿಂತ ಮೊದಲ ತಪ್ಪು ಒಪ್ಪಿದ ಹುಡುಗ ಒಬ್ಬನೂ ಸಿಗಲಿಲ್ಲ. ಕುಂದ್ರಿ, ಚಾ ಕುಡೀರಿ. ಹೊಸ ಫೋಟೊ ನಮ್ಮ ಮನಿ ಬೆಳಕಿನ್ಯಾಗೇ ತೆಗೀರಿ."

ಆ ಸಂಜೆ ಗುಂಪಿನಲ್ಲಿ ಎರಡೂ ಚಿತ್ರ ಬಂದವು. ಕೆಳಗೆ ಕಾಕಾ ಬರೆದಿದ್ದರು: "ಖಾಜಾ ಭಾಯಿ ಸಂಶಯ ಪಟ್ಟಿದ್ದು ಖರೇ. ಮೊದಲನೇದು ನನ್ನ ತಪ್ಪು, ನೀಲಿ ಬಾಜೂ ಮನಿ ತಾಡಪತ್ರಿದು. ಎರಡನೇದು ಅಕ್ಕೋರ ನಾಣ್ಯ." ಎರಡನೆಯದರಲ್ಲಿ ಬೆಳ್ಳಿ ಬೂದಿ ಬಣ್ಣದ್ದು. ಅಂಕ ಎಷ್ಟಿತ್ತೋ ಅಷ್ಟೇ ಇತ್ತು. ಮೊದಲು ಬರೆದವರು ಖಾಜಾ ಭಾಯಿಯೇ: "ಆ ತಾಡಪತ್ರಿಗೂ ಒಂದು ಅಂಕ ಕೊಡಸ್ರಿ ಕಾಕಾ."

ಕಾಕಾನ ಬಳಿ ಬರುವ ನಾಣ್ಯಗಳು ಕಡಿಮೆಯಾಗುತ್ತವೆ ಎಂದು ನಾನೆಣಿಸಿದ್ದೆ. ಹೆಚ್ಚಾದವು.

ಕೊನೆಯ ಸಲ ನಾನು ಹೋದಾಗ ಮೇಜಿನ ಮೇಲೆ ಖಾಜಾ ಭಾಯಿಯ ನಾಣ್ಯವಿತ್ತು. ಅವರು ಬಹಳ ವರ್ಷ ಹುಡುಕಿ ಪಡೆದದ್ದು. ಕಾಕಾ ಎಲ್ಲ ಹೊಂದಿಸಿ, ಕಣ್ಣಿಟ್ಟು ನೋಡಿ, ತಲೆ ಎತ್ತಿ, ಇದು ಯಾವ ಬಣ್ಣ ಕಾಣುತ್ತದೆ ಎಂದು ನನ್ನನ್ನು ಕೇಳಿದರು. ಬೆಳ್ಳಿ ಬಿಳುಪು ಎಂದೆ. ಅವರ ಕಣ್ಣಿಗೆ ಅದು ಹಳದಿ. ಕಣ್ಣಿಗೆ ಪೊರೆ, ಮೋತಿಬಿಂದು, ಬಂದಿತ್ತು. ನಾನು ನೋಡಿ ಹೇಳುತ್ತೇನೆ, ನೀವು ತೆಗೆಯಿರಿ ಎಂದೆ.

"ನಿನ್ನ ಕಣ್ಣಿನ್ಯಾಗ ನೋಡಿ ನಾ ಹ್ಯಾಂಗ ಜವಾಬ್ದಾರಿ ತಗೋಲಿ?" ಎಂದು ಲೆನ್ಸಿಗೆ ಮುಚ್ಚಳ ಹಾಕಿದರು. ಆಪರೇಷನ್ ಆದ ಮೇಲೆ ತೆಗೆಯುತ್ತೇನೆ ಎಂದು ನಾಣ್ಯವನ್ನು ಹಾಗೆಯೇ ನನ್ನ ಕೈಯಲ್ಲಿ ಶಹಾಬಾದಕ್ಕೆ ಕಳಿಸಿದರು. ಆಪರೇಷನ್ನಿಗೆ ಮೊದಲೇ ತೀರಿಕೊಂಡರು.

ಗುಂಪಿನವರು ಅವರು ತೆಗೆದ ಚಿತ್ರಗಳನ್ನು ಮತ್ತೆ ಹಂಚಿಕೊಂಡು ನಮಸ್ಕಾರ ಹೇಳಿದರು. ಖಾಜಾ ಭಾಯಿ ಏನೂ ಹಾಕಲಿಲ್ಲ. ಮೊನ್ನೆ ಅವರ ಅಂಗಡಿಗೆ ಹೋದಾಗ ಕೇಳಿದೆ. ಆ ನಾಣ್ಯ ಇನ್ನೂ ಹಣದ ಗಲ್ಲೆಯ ಪಕ್ಕದ ಕಪಾಟಿನಲ್ಲಿತ್ತು, ಯಾರಿಗೂ ತೋರಿಸಿಲ್ಲ. ಕಲಬುರಗಿಯಲ್ಲಿ ಒಳ್ಳೆಯ ಸ್ಟುಡಿಯೊಗಳಿವೆಯಲ್ಲ ಎಂದೆ.

"ತೆಗಸಬಹುದ್ರಿ," ಎಂದರು. "ಫೋಟೊ ಭಾಳ ಚಂದ ಬಂತು ಅಂದ್ರ, ಇದು ಖರೇ ಏನು ಅಂತ ಯಾರಿಗಿ ಕೇಳ್ಲಿ?"