ಡ್ರೈವರ್ ಸಾನ್ ಮುಗಿಸಿದ ನೂರಾಹದಿಮೂರನೇ ಗೇಮ್

ವಿಡಿಯೋ ಗೇಮ್ ಮುಗಿಸಿದವರೆಲ್ಲ ರಾಕ್ಷಸ ಎಷ್ಟು ದೊಡ್ಡವನು, ಕತ್ತಿ ಎಷ್ಟು ಹರಿತ, ಸಂಗೀತ ಹೇಗಿತ್ತು ಅಂತ ಬರೆಯುತ್ತಾರೆ. ಮೊಗಾಮಿ ಯಾಸುಜಿ ಮಾತ್ರ ರಸ್ತೆಗಳ ಬಗ್ಗೆ ಬರೆಯುತ್ತಿದ್ದರು. 'ಈ ರಾಜ್ಯದಲ್ಲಿ ಹನ್ನೊಂದು ಸೇತುವೆ. ಒಂದಕ್ಕೂ ಕಟಾಂಜನ ಇಲ್ಲ. ಜನರನ್ನು ಕೊಲ್ಲಲು ರಾಕ್ಷಸ ಬೇರೆ ಬೇಕೆ?' ಇದು ಅವರ ಮೂವತ್ತನೇ ಗೇಮಿನ ಅನಿಸಿಕೆ. ಎಂಬತ್ತೆರಡನೆಯದಕ್ಕೆ ಇನ್ನೂ ಚಿಕ್ಕದು: 'ತಿರುವುಗಳು ಚೆನ್ನಾಗಿವೆ. ನಾಯಕನಿಗೆ ಲೈಸೆನ್ಸ್ ಕೊಡಬಾರದಿತ್ತು.'

ಮೂವತ್ತನಾಲ್ಕು ವರ್ಷ ಶಿಶುವಿಹಾರದ ಬಸ್ಸು ಓಡಿಸಿದವರು ಇನ್ನೇನು ಬರೆದಾರು!

ಸಕಾತಾ ಊರಿನ ಹಳೇ ಪೇಟೆಬೀದಿಯಲ್ಲಿ ಕುಸಾಕಾ ಸಾನ್ ಅವರ ('ಸಾನ್' ಅಂದರೆ ಅಲ್ಲಿ ಹೆಸರಿಗೆ ಸೇರಿಸುವ ಗೌರವದ ಮಾತು) ಹಳೇ ಗೇಮಿನ ಅಂಗಡಿಯಿದೆ. ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟಿರುತ್ತಾರೆ. ಗೇಮ್ ಮುಗಿಸಿದವರು ಅದರಲ್ಲಿ ಬರೆಯಬೇಕು. ಎಡಪುಟದಲ್ಲಿ ಏನು ಬೇಕಾದರೂ ಬರೆಯಬಹುದು, ಕೊನೆಯ ಕಥೆಯೊಂದನ್ನು ಬಿಟ್ಟು. ಕೊನೆಗೆ ಏನಾಯಿತು ಅನ್ನುವುದು ಬಲಪುಟಕ್ಕೆ. ಬರೆದಾದ ಮೇಲೆ ಆ ಪುಟ ಮಡಚಿ ಪಿನ್ ಹೊಡೆಯಬೇಕು. ಇನ್ನೊಬ್ಬರು ಅದೇ ಗೇಮ್ ಮುಗಿಸಿ ಬಂದು, ಮಡಿಕೆಯ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತಿದ ಮೇಲೆಯೇ ಪಿನ್ ಬಿಚ್ಚಿ ಓದಬೇಕು. ಮುದ್ರೆ ಅಂದರೆ 'ನಾನೂ ಮುಗಿಸಿದೆ' ಅಂತ ಆಣೆ ಮಾಡಿದ ಹಾಗೆ. ಕಾವಲಿಗೆ ಯಾರೂ ಇಲ್ಲ. ಒಮ್ಮೆ ಮೀನಂಗಡಿಯ ದೋಯಿ ಸಾನ್ ತಡೆಯಲಾರದೆ ಮುಗಿಸುವ ಮೊದಲೇ ಪಿನ್ ಎತ್ತಿಬಿಟ್ಟರು. ಮಾರನೇ ದಿನ ತಾವೇ ಬಂದು ಒಪ್ಪಿಕೊಂಡು, ನಾಚಿಕೆಗೆ ಎರಡು ತಿಂಗಳು ಆ ಬೀದಿಗೇ ಕಾಲಿಡಲಿಲ್ಲ.

ಇಸುರುಗಿ ಕನಾಎ ಆ ಪುಸ್ತಕಕ್ಕೆ ಬರೆಯಲು ಶುರು ಮಾಡಿದಾಗ ಅವಳಿಗೆ ಇಪ್ಪತ್ತೆರಡು. ಈಗ ಇಪ್ಪತ್ತೇಳು. ಲಾಂಡ್ರಿಯಲ್ಲಿ ಹಬೆ ಇಸ್ತ್ರಿಯ ಕೆಲಸ. ಮೊದಲ ಸಲ ಅಂಗಡಿಯಲ್ಲಿ ಅವಳನ್ನು ಕಂಡಾಗ ಮೊಗಾಮಿ ಕನ್ನಡಕದ ಮೇಲಿಂದ ನೋಡಿ ಅಂದಿದ್ದರು:

"ಮೂರನೇ ಸೀಟು. ಕಿಟಕಿ ಪಕ್ಕ. ವಾಂತಿ."

"ಡ್ರೈವರ್ ಸಾನ್! ಅದು ಒಂದೇ ಒಂದ್ಸಲ ಕಣ್ರೀ!"

"ನಾಲ್ಕು ಸಲ. ಒರೆಸಿದೋನು ನಾನು."

ಅಲ್ಲಿಂದ ಮುಂದೆ ಇಬ್ಬರೂ ಒಂದೇ ಗೇಮ್ ಒಂದೇ ವಾರ ಕೊಳ್ಳುವುದು, ಒಬ್ಬರಿಗೊಬ್ಬರು ಬಾಯಿ ಬಿಡದೆ ಆಡುವುದು, ಮುಗಿದ ಮೇಲೆ ಪಿನ್ ಬಿಚ್ಚಿ ಓದಿ ಜಗಳವಾಡುವುದು ರೂಢಿಯಾಯಿತು. ಕನಾಎಯ ಅನಿಸಿಕೆಗಳಲ್ಲಿ ಅಳು ಜಾಸ್ತಿ. 'ಇಲ್ಲಿ ಅತ್ತೆ, ಅಲ್ಲೂ ಅತ್ತೆ, ನಾಯಿ ತಿರುಗಿ ಬಂದಾಗ ಮತ್ತೆ ಅತ್ತೆ.'

"ನಿಂದು ಓದ್ಬೇಕಾದ್ರೆ ಕೊಡೆ ಹಿಡ್ಕೊಂಡು ಕೂರ್ಬೇಕಮ್ಮ" ಅನ್ನುವರು ಮೊಗಾಮಿ.

ಹೋದ ವಸಂತದಲ್ಲಿ ಮೊಗಾಮಿಯವರ ಬಲಗೈ ಹೆಬ್ಬೆರಳು ಮಾತು ಕೇಳುವುದನ್ನು ಬಿಟ್ಟಿತು. ವಯಸ್ಸು ಅಂದುಕೊಂಡರು. ಬೇಸಿಗೆ ಹೊತ್ತಿಗೆ ಊಟದ ಕಡ್ಡಿ ಬಿತ್ತು, ಆಮೇಲೆ ಬಟ್ಟಲೇ ಬಿತ್ತು. ಸ್ನಾಯುಗಳು ಒಂದೊಂದಾಗಿ ಕರಗುವ ಕಾಯಿಲೆ, ಔಷಧಿ ಇಲ್ಲ ಅಂದರು ಡಾಕ್ಟರು. ಎಲೆ ಉದುರುವ ಕಾಲಕ್ಕೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಮಂಚ ಹಿಡಿದರು. ಕನಾಎ ಅವರ ಮನೆಯಿಂದ ಕನ್ಸೋಲ್ ತಂದು ವಾರ್ಡಿನ ಟೀವಿಗೆ ಜೋಡಿಸಿಕೊಟ್ಟಳು.

ಆಗ ಇಬ್ಬರೂ ಆಡುತ್ತಿದ್ದದ್ದು 'ಏಳನೇ ದೀಪದ ತೀರ' ಅನ್ನುವ ಗೇಮ್. ಒತೊವಾ ಅನ್ನುವ ಹುಡುಗಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಆರಿಹೋದ ದೀಪಸ್ತಂಭಗಳನ್ನು ಹೊತ್ತಿಸುತ್ತಾಳೆ. ಎಂಥಾ ಗೇಮ್ ಅಂತೀರಿ! ಸಮುದ್ರದ ಮೇಲೆ ಮಂಜು ಸರಿಯುವುದನ್ನೇ ನೋಡುತ್ತ ಅರ್ಧ ಗಂಟೆ ಕೂರಬಹುದು. ಮುಗಿಸಲು ಐವತ್ತು ಗಂಟೆ ಬೇಕು. ಕನಾಎ ಅಕ್ಟೋಬರಿನಲ್ಲೇ ಮುಗಿಸಿ, ಬರೆದು, ಮಡಚಿ, ಪಿನ್ ಹೊಡೆದಿದ್ದಳು. ಮೊಗಾಮಿ ಐದನೇ ದೀಪದಲ್ಲಿದ್ದರು. ಬೆರಳು ಆಡದೆ ಒಂದೇ ಬಂಡೆಯಿಂದ ಇಪ್ಪತ್ತು ಸಲ ಬೀಳುತ್ತಿದ್ದರು.

"ನಾನು ಆಡ್ಕೊಡ್ಲಾ ಡ್ರೈವರ್ ಸಾನ್?"

"ಪ್ಯಾಸೆಂಜರ್ ಕೈಗೆ ಸ್ಟೇರಿಂಗ್ ಕೊಡಲ್ಲ ನಾನು."

"ಹಂಗಾದ್ರೆ ಕೊನೇಲಿ ಏನಾಗತ್ತೆ ಅಂತಾದ್ರೂ ಹೇಳ್ಬಿಡ್ಲಾ?"

"ಬಾಯಿ ಬಿಟ್ರೆ ನೋಡು, ನರ್ಸ್‌ನ ಕರೆದು ಆಚೆ ಹಾಕಿಸ್ತೀನಿ."

ನವೆಂಬರ್ ಮಧ್ಯದಲ್ಲಿ ಡಾಕ್ಟರು ಇನ್ನೊಂದು ಮಾತು ಹೇಳಿದರು. ಉಸಿರು ಸಾಲುತ್ತಿಲ್ಲ, ಮುಂದಿನ ಸೋಮವಾರ ಗಂಟಲಿಗೆ ತೂತು ಮಾಡಿ ನಳಿಗೆ ಹಾಕಬೇಕು. ಆಮೇಲೆ ಮಾತು ಬರುವುದಿಲ್ಲ. ಅವತ್ತು ಬುಧವಾರ, ಕನಾಎಗೆ ರಜೆ. ಅವಳು ಕಾಕಿ ಹಣ್ಣು ಸುಲಿಯುತ್ತ ಕೂತಿದ್ದಳು. ಹಣ್ಣನ್ನು ಎಷ್ಟು ಹೊತ್ತು ಸುಲಿದಳೆಂದರೆ ಸಿಪ್ಪೆಯ ಜೊತೆ ಅರ್ಧ ತಿರುಳೂ ಹೋಯಿತು.

ಮೊಗಾಮಿ ಕಂಟ್ರೋಲರನ್ನು ಮಂಚದ ಅಂಚಿಗೆ ತಳ್ಳಿದರು. ಆಮೇಲೆ ಅಂದರು:

"ಕನಾ ಚಾನ್. ಕಂಟ್ರೋಲರ್ ತಗೋ. ಆದ್ರೆ ದಾರಿ ನಾನು ಹೇಳ್ತೀನಿ. ನೀನು ಬರೀ ಕೈ. ತಿಳೀತಾ? ಮುಖದಲ್ಲೂ ಏನೂ ತೋರಿಸ್ಬಾರ್ದು."

"ಮುಖ ಏನ್ ಮಾಡತ್ತೆ ಪಾಪ."

"ನಿನ್ ಮುಖ ನಂಗೊತ್ತಿಲ್ವಾ? ವಾಂತಿ ಬರೋಕೆ ಎರಡು ನಿಮಿಷ ಮುಂಚೆ ಕನ್ನಡೀಲಿ ಕಾಣ್ತಿತ್ತು. ಟೀವಿ ಕಡೆ ತಿರುಗಿ ಕೂತ್ಕೋ, ನನ್ ಕಡೆ ಬೆನ್ನು ಮಾಡು."

ಹಾಗೆ ಶುರುವಾಯಿತು. ಕನಾಎ ಲಾಂಡ್ರಿಗೆ ರಜೆ ಹಾಕಿ ಬುಧವಾರದಿಂದ ಭಾನುವಾರದವರೆಗೆ ದಿನಾ ಮಧ್ಯಾಹ್ನ ಬಂದಳು. ಬೆನ್ನ ಹಿಂದಿನಿಂದ ಒಂದು ತೆಳು ದನಿ: "ಮುಂದೆ... ನಿಧಾನ... ಹಾರು... ಅಯ್ಯೋ ನಿಧಾನ ಅಂದ್ನಲ್ಲ, ಮಕ್ಕಳು ಕೂತಿದಾರೆ ಅಂದ್ಕೋ." ಪಕ್ಕದ ಮಂಚದ ಅಜ್ಜ ಕೂಡ ಪರದೆ ಸರಿಸಿ ನೋಡತೊಡಗಿದರು. ಯಾವುದೋ ಗೋಡೆಯ ಹಿಂದೆ ಪೆಟ್ಟಿಗೆ ಇದೆಯೆಂದು ಕನಾಎಗೆ ಗೊತ್ತು. ಮೊಗಾಮಿ ಹೇಳದಿದ್ದರೆ ಅವಳು ದಾಟಿ ಹೋಗಬೇಕು. ಎಷ್ಟೋ ಪೆಟ್ಟಿಗೆಗಳು ಹಾಗೇ ಹಿಂದೆ ಉಳಿದವು. ಅವಳ ಬೆರಳು ಅವಳದಲ್ಲ. ಆರನೇ ದೀಪ ಶನಿವಾರ ಹೊತ್ತಿತು.

ಭಾನುವಾರ ಮೂರು ಗಂಟೆಗೆ ಕವಲು ಬಂತು.

ಈ ಕವಲಿನ ವಿಷಯ ಮೊದಲೇ ಹೇಳಿಬಿಡಬೇಕು. ಏಳನೇ ದ್ವೀಪದಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಬೆಟ್ಟದ ತುದಿಯ ದೀಪಸ್ತಂಭ. ಬಲಕ್ಕೆ ಇಳಿದರೆ ಒತೊವಾಳ ಮನೆ, ಅಲ್ಲಿ ಅಮ್ಮ. ಯಾವ ಸೂಚನೆಯೂ ಇಲ್ಲ, ಬೋರ್ಡೂ ಇಲ್ಲ. ಬಲಕ್ಕೆ ಹೋಗಿ ಒಂದು ಸಲ ಮನೆಯ ಬಾಗಿಲು ತಟ್ಟಿ ಬಂದವಳು ಮಾತ್ರ ದೀಪ ಹೊತ್ತಿಸಿ ಬೆಟ್ಟ ಇಳಿಯುತ್ತಾಳೆ. ನೇರವಾಗಿ ಎಡಕ್ಕೆ ಹೋದವಳು ಆ ದೀಪದ ಕಾವಲಿಗೆ ಅಲ್ಲೇ ಉಳಿಯುತ್ತಾಳೆ, ಎಂದೆಂದಿಗೂ. ಕವಲು ದಾಟಿದ ಕೂಡಲೇ ಗೇಮ್ ತಾನೇ ಸೇವ್ ಮಾಡಿಕೊಳ್ಳುತ್ತದೆ. ಹಿಂದೆ ಬರಲು ದಾರಿಯಿಲ್ಲ. ಮೊದಲಿನಿಂದ, ಐವತ್ತು ಗಂಟೆ.

ಬಲಕ್ಕೆ ಹೋಗಿ ಮುಗಿಸಿದವರಿಗಷ್ಟೇ ಗೇಮ್ ಆ ಇನ್ನೊಂದು ಕೊನೆಯ ಸುಳಿವು ಕೊಡುತ್ತದೆ; ಕೊನೆಗಳು ಎರಡಿವೆ ಅನ್ನುವುದನ್ನೂ ಕನಾಎ ಎಡಪುಟದಲ್ಲಿ ಬರೆದಿರಲಿಲ್ಲ. ಅದೂ ಗುಟ್ಟೇ ತಾನೆ?

ಒತೊವಾ ಕವಲಿನಲ್ಲಿ ನಿಂತಳು. ಗಾಳಿಗೆ ಅವಳ ಚೀಲ ಅಲ್ಲಾಡುತ್ತಿತ್ತು.

"ಬಲಕ್ಕೇನಿದೆ?" ಅಂದರು ಮೊಗಾಮಿ.

"ದೂರದಲ್ಲಿ ಒಂದು ಚಾವಣಿ ಕಾಣತ್ತೆ. ಹೊಗೆ." ಪರದೆಯ ಮೇಲೆ ಕಾಣುವಷ್ಟನ್ನು ಹೇಳಬಹುದಿತ್ತು. ಅಷ್ಟೇ.

"ಅವಳ ಮನೆ ಇರ್ಬೇಕು."

ಕನಾಎ ಕಂಟ್ರೋಲರನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಳು.

"ಎಡಕ್ಕೆ ಹೋಗು."

ಕನಾಎಯ ಹೆಬ್ಬೆರಳು ಅಲ್ಲಾಡಲಿಲ್ಲ.

"ಎಡಕ್ಕೆ ಅಂದೆ. ಮೊದಲು ಕೆಲಸ, ಆಮೇಲೆ ಮನೆ. ನನ್ ಹೆಂಡ್ತಿ ಚಿಜು ಹೋದ ದಿನ ಸ್ಕೂಲಿಗೆ ಫೋನ್ ಬಂದಿತ್ತು, ಗೊತ್ತಾ ನಿಂಗೆ? ಬಸ್ಸಲ್ಲಿ ಒಂಬತ್ತು ಮಕ್ಕಳಿದ್ರು. ಒಂಬತ್ತೂ ಮಕ್ಕಳನ್ನ ಅವರವರ ಬಾಗಿಲಿಗೆ ಇಳಿಸಿ, ಬಸ್ಸು ಶೆಡ್ಡಿಗೆ ಹಾಕಿ, ಆಮೇಲೆ ಆಸ್ಪತ್ರೆಗೆ ಹೋದೆ." ಅವರು ಉಸಿರೆಳೆದುಕೊಂಡರು. "ಅವಳ ಮುಖ ಆಗ್ಲೇ ತಣ್ಣಗಿತ್ತು. ಆದ್ರೆ ಮಕ್ಕಳನ್ನ ದಾರೀಲಿ ಬಿಡೋಕಾಗತ್ತಾ? ಎಡಕ್ಕೆ ಕಣೆ."

ಕನಾಎ ಐದು ವರ್ಷದಿಂದ ಅವರ ಜೊತೆ ಆಡುತ್ತಿದ್ದಳು. ಈ ಮಾತನ್ನು ಅವರು ಒಂದು ದಿನವೂ ಎತ್ತಿರಲಿಲ್ಲ. ತಿರುಗಿ ಕೂತು ಎಲ್ಲ ಹೇಳಿಬಿಡೋಣ ಅನ್ನಿಸಿತು. ಕಂಟ್ರೋಲರ್ ಕೈಜಾರಿತು ಅಂದರಾಯಿತು, ತಪ್ಪಿ ಬಲಕ್ಕೆ ಒತ್ತಿದೆ ಅಂದರಾಯಿತು. ಆದರೆ ಮಾತು ಕೊಟ್ಟಾಗಿತ್ತು. ಬರೀ ಕೈ, ದಾರಿ ಅವರದು. ಕಳ್ಳತನದಿಂದ ಕೊಡಿಸಿದ ಕೊನೆಗೆ ಈ ಮನುಷ್ಯ ಮುದ್ರೆ ಒತ್ತಿದರೆ, ಅದು ಯಾರ ಮುದ್ರೆ?

ಎಡಕ್ಕೆ ಒತ್ತಿದಳು. ಮೂಲೆಯಲ್ಲಿ ಸೇವ್ ಆಗುವ ಪುಟ್ಟ ಗುರುತು ಒಮ್ಮೆ ತಿರುಗಿ ಮಾಯವಾಯಿತು.

ದೀಪ ಹೊತ್ತಿತು. ಏಳು ದ್ವೀಪಗಳ ಮೇಲೆ ಬೆಳಕು ಹಾದುಹೋಯಿತು. ಮೀನುಗಾರರ ದೋಣಿಗಳು ದಡಕ್ಕೆ ತಿರುಗಿದವು. ಒತೊವಾ ಕಿಟಕಿಯ ಬಳಿ ಕೂತಳು. ಕೆಳಗಿನ ಮನೆಯಲ್ಲಿ ಅಮ್ಮ ಎರಡು ಬಟ್ಟಲು ಇಟ್ಟು, ಸ್ವಲ್ಪ ಹೊತ್ತು ಕಾದು, ಒಂದನ್ನು ಮುಚ್ಚಿಟ್ಟಳು. ಗೇಮ್ ಮಾಡಿದವರ ಹೆಸರುಗಳು ಮೇಲೇರತೊಡಗಿದವು.

"ಚೆನ್ನಾಗಿದೆ" ಅಂದರು ಮೊಗಾಮಿ. "ಕಷ್ಟ, ಆದ್ರೆ ಚೆನ್ನಾಗಿದೆ. ದೋಣಿಗಳು ವಾಪಸ್ ಬಂದ್ವಲ್ಲ."

ಪಕ್ಕದ ಅಜ್ಜ ಚಪ್ಪಾಳೆ ತಟ್ಟಿದರು. ಮೊಗಾಮಿ ನಗಲು ಹೋಗಿ ಕೆಮ್ಮಿದರು. ಕುಸಾಕಾ ಸಾನ್ ಬೆಳಿಗ್ಗೆಯೇ ಪುಸ್ತಕವನ್ನು ಆಸ್ಪತ್ರೆಗೆ ಕಳಿಸಿದ್ದರು. ಇಷ್ಟು ವರ್ಷದಲ್ಲಿ ಆ ಪುಸ್ತಕ ಅಂಗಡಿಯ ಹೊಸಿಲು ದಾಟಿದ್ದು ಇದೇ ಮೊದಲು. ಕನಾಎ ಮೊಗಾಮಿಯವರ ಬೆರಳುಗಳ ನಡುವೆ ಮುದ್ರೆ ಇಟ್ಟು, ಮೇಲೆ ತನ್ನ ಕೈ ಮುಚ್ಚಿ ಒತ್ತಿದಳು. ಕೆಂಪು ಮುದ್ರೆ ಸ್ವಲ್ಪ ವಾರೆಯಾಗಿ ಬಿತ್ತು.

"ನೂರಾಹದಿಮೂರು. ಬಿಚ್ಚು. ಓದು, ನೀನೆಷ್ಟು ಅತ್ತಿದೀಯ ನೋಡೋಣ."

ಅವಳು ಪಿನ್ ಬಿಚ್ಚಿದಳು. ಸ್ವಂತ ಅಕ್ಷರ. 'ಬಲಕ್ಕೆ ಇಳಿದೆ' ಅಂತಲೇ ಮೊದಲ ಸಾಲು. ಅವಳ ಕಣ್ಣು ಆ ಸಾಲಿನ ಮೇಲೆ, ಬಾಯಿ ಬೇರೆ ಕಡೆ.

"'ಒತೊವಾ ದೀಪ ಹೊತ್ತಿಸಿದಳು. ಅವಳು ಬಹಳ ಧೈರ್ಯವಂತೆ. ಬೆಳಕು ಸುಂದರವಾಗಿತ್ತು. ದೋಣಿಗಳು ಬಂದವು. ಅಮ್ಮ... ಅಮ್ಮ ದೂರದಿಂದ ನೋಡಿದಳು.'"

"ಆಮೇಲೆ?"

"ಅಷ್ಟೇ."

"ಅಳು ಎಲ್ಲಿ?"

"ಈ ಸಲ ಅಳ್ಲಿಲ್ಲ."

"ಕನಾ ಚಾನ್, ನೀನು ಇಷ್ಟು ಕೆಟ್ಟದಾಗಿ ಬರೆಯಲ್ಲ ಕಣೆ. ಪುಟದಲ್ಲಿ ಏನಿದೆಯೋ ಅದನ್ನ ಓದು."

ಅವಳು ಓದಿದಳು. ಬಲಕ್ಕೆ ಇಳಿದದ್ದು, ಬಾಗಿಲು ತಟ್ಟಿದ್ದು, ಅಮ್ಮ ದೀಪಕ್ಕೆಂದು ಎಣ್ಣೆಯ ಡಬ್ಬಿ ಕೊಟ್ಟದ್ದು, ಒತೊವಾ ದೀಪ ಹೊತ್ತಿಸಿ, ಬೆಟ್ಟ ಇಳಿದು, ಎರಡು ಬಟ್ಟಲಿನ ಮುಂದೆ ಬಂದು ಕೂತದ್ದು. 'ಇಲ್ಲಿ ಅತ್ತೆ' ಅನ್ನುವುದನ್ನೂ ಬಿಡದೆ ಓದಿದಳು.

ಟೀವಿಯಲ್ಲಿ ಹೆಸರುಗಳು ಮುಗಿದು ಗೇಮಿನ ಮೊದಲ ಪರದೆ ಬಂದು ನಿಂತಿತ್ತು. ಪಕ್ಕದ ಅಜ್ಜ ಮೆಲ್ಲಗೆ ಮಂಚದ ಪರದೆ ಎಳೆದುಕೊಂಡರು.

"ನಾನು ಎಡಕ್ಕೆ ಅಂದಾಗ ನಿಂಗೆ ಗೊತ್ತಿತ್ತು" ಅಂದರು ಮೊಗಾಮಿ.

"ಗೊತ್ತಿತ್ತು."

"ಸುಮ್ನೆ ಕೂತಿದ್ದೆ."

"ನೀವೇ ಹೇಳಿದ್ರಲ್ಲ ಡ್ರೈವರ್ ಸಾನ್, ಏನೂ ತೋರಿಸ್ಬಾರ್ದು ಅಂತ."

"ಹೇಳಿದ್ದೆ. ಹೌದು." ದನಿ ಇನ್ನೂ ತೆಳುವಾಗಿತ್ತು. "ಆದ್ರೂ ಒಂದ್ಸಲ ಕೆಮ್ಮಬಹುದಿತ್ತಲ್ಲೇ."

ಕನಾಎ ಪಿನ್ನನ್ನು ಬೆರಳಿನಿಂದ ಬೆರಳಿಗೆ ದಾಟಿಸುತ್ತ ನಿಂತಳು. ಹೊರಗೆ ಸಂಜೆಯ ಊಟದ ಗಾಡಿಯ ಸದ್ದು. ಭೇಟಿಯ ಸಮಯ ಮುಗಿಯಲು ಹತ್ತು ನಿಮಿಷ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಗಂಟಲಿಗೆ ನಳಿಗೆ.

"ಬಾಗಿಲು ತೆಗೆದಾಗ ಅಮ್ಮ ಏನಂತಾಳೆ?" ಕಣ್ಣು ಮುಚ್ಚಿಕೊಂಡೇ ಕೇಳಿದರು. "ಬೈತಾಳಾ?"

"ಇಲ್ಲ. 'ಬಂದ್ಯಾ, ತಡ ಆಯ್ತಲ್ಲ' ಅಂತಾಳೆ."

"ಅಷ್ಟೇನಾ?"

"ಅಷ್ಟೇ."

"ಇನ್ನೊಂದ್ಸಲ ಹೇಳು."

"ಬಂದ್ಯಾ, ತಡ ಆಯ್ತಲ್ಲ."

ನರ್ಸ್ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದಳು.

"ಇನ್ನೊಂದ್ಸಲ" ಅಂದರು ಮೊಗಾಮಿ.