ದೊಡ್ಡಿಯ ಬಾಗಿಲಲ್ಲಿ ಕೊಟ್ಟ ಕೂಗು

ನಮ್ಮ ಮನೆಯಲ್ಲಿ ಕನ್ನಡ ಎಲ್ಲರಿಗೂ ತಿಳಿಯುತ್ತದೆ. ಪೂರ್ತಿ ಆಡುವವಳು ನಾನೊಬ್ಬಳು. ಇನ್ನು ಕುರಿಗಳು. ಅವಕ್ಕೆ ಆಡಲು ಬರುವುದಿಲ್ಲ, ಆದರೆ ಕನ್ನಡ ಬಿಟ್ಟು ಬೇರೆ ಮಾತನ್ನು ಅವು ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಮ್ಮದು ಮಹಾರಾಷ್ಟ್ರದ ಗಡಿಯೊಳಗೆ, ಮಿರಜದ ಕಡೆಯ ಆರಗದ ಹತ್ತಿರದ ಊರು. ನನ್ನ ಅತ್ತೆಯ ಅತ್ತೆ ಅಥಣಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ಇಲ್ಲಿ ನಿಂತವಳಂತೆ. ಆಗ ಯಾರ ಕಟ್ಟೆಯ ಮೇಲೆ ಕುಳಿತರೂ ಕನ್ನಡವೇ ಇತ್ತು. ಈಗ ಮಗ ನನ್ನೊಡನೆ ಕನ್ನಡದಲ್ಲಿ ಶುರು ಮಾಡುತ್ತಾನೆ, ನಡುವೆ ಫೋನು ಬಂದರೆ ಮರಾಠಿಗೆ ಹೊರಳುತ್ತಾನೆ, ಆಮೇಲೆ ಮರಳಿ ಬರುವುದಿಲ್ಲ. ಮಿರಜದಲ್ಲಿ ನರ್ಸಿಂಗ್ ಕಲಿಯುವ ಮೊಮ್ಮಗಳನ್ನು ನಾನು ಕನ್ನಡದಲ್ಲಿ ಬೈದರೆ, 'ಕಳ್ತಂಯ ಗ ಆಜಿ', ತಿಳಿಯಿತು ಬಿಡು ಎಂದು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಸೊಸೆ ಸಾಂಗ್ಲಿವಾಡಿಯವಳು. ನಮ್ಮ ಮಂದಿಯೇ, ಆದರೆ ಅವರ ಮನೆಯಲ್ಲಿ ಕನ್ನಡ ಯಾವತ್ತೋ ಹೋಗಿದೆ. ಇಷ್ಟು ವರ್ಷ ನಾನು ಕನ್ನಡದಲ್ಲಿ ಹೇಳಿದ್ದೇನೆ, ಅವಳು ಮರಾಠಿಯಲ್ಲಿ ಕೇಳಿದ್ದಾಳೆ. ಜಗಳ ಕೂಡ ಹಾಗೆಯೇ ಆಗಿವೆ, ಏನೂ ಕಡಿಮೆ ಬಿದ್ದಿಲ್ಲ.

ಮಿರಜ ಪೇಟೆಯಲ್ಲಿ ನಾವು ಕಾಳು ಕೊಳ್ಳುವ ಅಂಗಡಿಯ ಮುದುಕ 'ಬರ್ರಿ, ಕುಂದ್ರಿ' ಎನ್ನುತ್ತಿದ್ದ. ಅವನು ಹೋದ ಮೇಲೆ ಅವನ ಮಗ 'ಯಾ ಮಾವಶಿ', ಬಾ ಚಿಕ್ಕಮ್ಮ ಎಂದು ಮರಾಠಿಯಲ್ಲಿ ಕರೆಯುತ್ತಾನೆ. ತೂಕ ಒಂದೇ. ನಾನು ಇದಕ್ಕೆಲ್ಲ ಅತ್ತವಳಲ್ಲ. ಬೀಸುವ ಕಲ್ಲು ಹೋಯಿತು, ಗಿರಣಿ ಬಂತು. ಮಾತೂ ಹಾಗೆ ಹೋಗುತ್ತದೆ ಅಂದುಕೊಂಡಿದ್ದೆ.

ಕುರಿಗಳ ಮಾತು ಬೇರೆ. ಹೋದ ಮಳೆಗಾಲದಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ದೊಡ್ಡಿಯ ಬಾಗಿಲವರೆಗೆ ಕೋಲು ಹಿಡಿದು ಬರುತ್ತೇನೆ, ಅಲ್ಲಿಂದ ಮುಂದೆ ಆಗುವುದಿಲ್ಲ. ಸೊಸೆ ಮೇಯಿಸಲು ಹೋಗತೊಡಗಿದಳು. ಕೋಲು ಬೀಸುತ್ತಾಳೆ, 'ಚಲಾ, ಚಲಾ' ಎನ್ನುತ್ತಾಳೆ. ಕುರಿ ಅವಳ ಮುಖ ನೋಡುತ್ತವೆ, ಮತ್ತೆ ಹೋಗಿ ಪಕ್ಕದವರ ಕಬ್ಬಿನಲ್ಲಿ ಬಾಯಿ ಹಾಕುತ್ತವೆ. ಕಬ್ಬಿನವನು ಬಂದು ಬಾಗಿಲಲ್ಲಿ ಬೈದು ಹೋಗುವುದು ರೂಢಿಯಾಯಿತು.

ಮಗ ಕುಪವಾಡದ ಕಾರ್ಖಾನೆಗೆ ಹೋಗುವವನು, ಅವನಿಗೆ ಹಿಂಡಿನ ಹಿಂದೆ ಓಡಲು ಪುರುಸೊತ್ತಿಲ್ಲ. ಒಂದು ದಿನ ನನ್ನ ಎದುರಿಗೆ ಕುಳಿತು ಹೇಳಿದ.

"ಯವ್ವ, ಸಿಟ್ಟಾಗಬ್ಯಾಡ. ಆಕಿ ಮಾತ ಕೇಳಂಗಿಲ್ಲ ಅವು. ನೀ ಹೋಗಾಕ ಆಗಂಗಿಲ್ಲ. ಹಿಂಡ ಮಾರಾಕ ದೀಪಾವಳಿ ಆದಮ್ಯಾಲ ವ್ಯಾಪಾರಿಗೆ ಬಾ ಅಂದೇನಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು ಬಂತು. ಸೊಸೆ ಅಲ್ಲೇ ಸೊಪ್ಪು ಸೋಸುತ್ತಿದ್ದಳು. ಆ ಹಿಂಡು ನನಗಿಂತ ಅವಳಿಗೆ ಹೆಚ್ಚು ಬೇಕು. ಮರಿ ಹಾಕುವ ಕುರಿಯ ಪಕ್ಕ ಕುಳಿತುಕೊಳ್ಳುವವಳು ಅವಳು. ಅವಳು ತಲೆ ಎತ್ತಲಿಲ್ಲ. ಕನ್ನಡ ಬಾರದವಳಿಗೆ ಕುರಿ ಹೇಗೆ ಬರುತ್ತವೆ ಎಂದು ನಾನೂ ಒಪ್ಪಿಕೊಂಡೆ.

ದೀಪಾವಳಿ ಮುಗಿದ ಮೊದಲ ಭಾನುವಾರ ಮೊಮ್ಮಗಳು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಅಮೆರಿಕದವಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಇವಳ ಕಾಲೇಜಿನಲ್ಲಿ ಕೆಲವು ತಿಂಗಳು ಕಲಿಸಲು ಬಂದಿದ್ದಳಂತೆ. ಕುರಿ ನೋಡಬೇಕು ಎಂದು ತಾನೇ ಕೇಳಿದಳಂತೆ. ಬಿಳಿ ಕೂದಲು, ಕಾಲಲ್ಲಿ ಗಂಡಸರ ಬೂಟು. ಕುರ್ಚಿ ಕೊಟ್ಟರೆ ಕೂರಲಿಲ್ಲ, ನೆಟ್ಟಗೆ ದೊಡ್ಡಿಯೊಳಗೆ ಹೋದಳು.

ಒಳಗೆ ಒಂದು ಗಬ್ಬದ ಕುರಿ ಇತ್ತು, ಹೊಸಬರನ್ನು ಕಂಡರೆ ಗೋಡೆಗೆ ಹಾಯುವಂಥದು. ಆಕೆ ಅದರ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಏನೋ ಮಾತಾಡತೊಡಗಿದಳು. ಮೊಮ್ಮಗಳೊಡನೆ ಆಡುತ್ತಿದ್ದ ಇಂಗ್ಲಿಷಿನ ಹಾಗೆ ಅದು ಕೇಳಲಿಲ್ಲ. ಗಂಟಲಿನೊಳಗಿಂದ ಉಜ್ಜಿ ಬರುವ ಮಾತು, ಕೊನೆಗೆ ಕೂಸನ್ನು ರಮಿಸುವ ಹಾಗೆ ಮೆತ್ತಗಾಗುತ್ತಿತ್ತು. ಕುರಿ ಕಿವಿ ತಿರುಗಿಸಿತು, ಹಾಗೇ ನಿಂತಿತು.

ಅದು ಯಾವ ಮಾತು ಎಂದು ಕೇಳಲು ಮೊಮ್ಮಗಳಿಗೆ ಹೇಳಿದೆ. ಆಕೆ ನಕ್ಕಳು. ತಾನು ಅದನ್ನು ಆಡಿದ್ದು ತನಗೇ ಗೊತ್ತಾಗಲಿಲ್ಲವಂತೆ.

ಆಮೇಲೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಆಕೆ ಹೇಳಿದ್ದನ್ನು ಮೊಮ್ಮಗಳು ಮರಾಠಿಯಲ್ಲಿ ಹೇಳುತ್ತ ಹೋದಳು. ಆಕೆಯ ಹಿರಿಯರು ಜರ್ಮನಿಯ ಯಾವುದೋ ಕಣಿವೆಯ ರೈತರು. ತುಂಬ ಹಿಂದೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ಹೊಲ ಮಾಡಿದರು. ಕೆಲವು ತಲೆಮಾರು ಮನೆಯಲ್ಲಿ, ಚರ್ಚಿನಲ್ಲಿ, ಹೊಲದಲ್ಲಿ ಅದೇ ಮಾತು ನಡೆಯಿತು. ಆಮೇಲೆ ಶಾಲೆ ಇಂಗ್ಲಿಷಿನದಾಯಿತು. ಜರ್ಮನಿಯ ಜೊತೆ ಒಂದು ದೊಡ್ಡ ಯುದ್ಧ ಬಂದಾಗ ಆ ಮಾತು ಆಡುವವರನ್ನು ಜನ ಕೆಟ್ಟ ಕಣ್ಣಿನಿಂದ ನೋಡಿದರಂತೆ. ಮೊದಲು ಪೇಟೆಯಲ್ಲಿ ನಿಂತಿತು. ಆಮೇಲೆ ಊಟಕ್ಕೆ ಕುಳಿತಾಗ ನಿಂತಿತು. ಕೊನೆಗೆ ಕೊಟ್ಟಿಗೆಯಲ್ಲಿ ಮಾತ್ರ ಉಳಿಯಿತು. ದನಗಳಿಗೆ ಯುದ್ಧ ಗೊತ್ತಿಲ್ಲವಲ್ಲ.

ಉಳಿದದ್ದೂ ಹಳೆಯ ಹಾಗೆ ಉಳಿಯಲಿಲ್ಲವಂತೆ. ಬೇಲಿಗೆ, ಬಕೀಟಿಗೆ, ಟ್ರ್ಯಾಕ್ಟರಿಗೆ ಇಂಗ್ಲಿಷ್ ಶಬ್ದ ಹೊಕ್ಕು, ಅವಕ್ಕೂ ಇವರ ಮಾತಿನದೇ ಬಾಲ ಬೆಳೆಯಿತು. ನನಗೆ ನಗು ಬಂತು. ಅಥಣಿಯ ನೆಂಟರು ಬಂದಾಗ ನನ್ನ ಕನ್ನಡ ಕೇಳಿ ಹೀಗೇ ಆಡಿಕೊಳ್ಳುತ್ತಾರೆ.

ಮುಂದೆ ಹೇಳಿದ್ದನ್ನು ಕೇಳಿ ನಾನು ಚಹಾದ ಕಪ್ಪು ಕೆಳಗಿಟ್ಟೆ. ಆಕೆ ಒಮ್ಮೆ ಜರ್ಮನಿಗೆ ಹೋಗಿದ್ದಳಂತೆ. ಒಬ್ಬ ಮುದುಕನ ಹೊಲದ ಬೇಲಿಯ ಹತ್ತಿರ ನಿಂತು, ತನ್ನ ಅಜ್ಜಿ ಆಕಳನ್ನು ಕರೆಯುತ್ತಿದ್ದ ಹಾಗೆ ಕರೆದಳಂತೆ. ಆ ಮುದುಕ ಕೆಲಸ ಬಿಟ್ಟು ಬಂದು, ನಿಮ್ಮವರು ಇಂಥ ಕಣಿವೆಯವರು ಎಂದು ಹೆಸರು ಹಿಡಿದು ಹೇಳಿದನಂತೆ. ತನ್ನ ಅಜ್ಜ ಹಾಗೆ ಕರೆಯುತ್ತಿದ್ದ, ಈಗ ಇಲ್ಲಿ ಯಾರೂ ಕರೆಯುವುದಿಲ್ಲ ಎಂದನಂತೆ. ಹುಟ್ಟಿದ ಊರಲ್ಲಿ ಸತ್ತ ಕೂಗು ಸಮುದ್ರದಾಚೆ ಯಾರದೋ ಕೊಟ್ಟಿಗೆಯಲ್ಲಿ ಬದುಕಿಕೊಂಡಿತ್ತು. ಬರೆಯುವುದಿಲ್ಲ, ಕಲಿಸುವುದಿಲ್ಲ, ಯಾರೂ ಅದನ್ನು ಕಾಯುತ್ತಿಲ್ಲ. ಹಾಗಿದ್ದೂ ಇಷ್ಟು ದೂರ ಬಂದು, ನಮ್ಮ ಕುರಿಯ ಕಿವಿಗೂ ಬಿತ್ತು. ದೇವರ ಮೂರ್ತಿಯ ಮುಂದೆ ನಿಂತಾಗಲೂ ನನ್ನ ಮೈ ಹೀಗೆ ಜುಮ್ಮೆಂದಿದ್ದಿಲ್ಲ.

ನಿನಗೆ ಅಜ್ಜಿ ಕಲಿಸಿದಳೇ ಎಂದು ಕೇಳಿಸಿದೆ. ಇಲ್ಲ ಎಂದಳು. ಅಜ್ಜಿ ಇರುವ ತನಕ ಕೊಟ್ಟಿಗೆಯಲ್ಲಿ ಅಜ್ಜಿಯದೊಂದೇ ದನಿ. ತಾಯಿ ಜನ್ಮದಲ್ಲಿ ಆ ಮಾತು ಆಡಿದ್ದನ್ನು ಆಕೆ ಕೇಳಿಯೇ ಇರಲಿಲ್ಲ. ಅಜ್ಜಿ ತೀರಿಕೊಂಡ ಮರುದಿನ ಬೆಳಿಗ್ಗೆ ಹಾಲು ಕರೆಯಬೇಕಲ್ಲ. ತಾಯಿ ಬಾಗಿಲಲ್ಲಿ ನಿಂತು ಅಜ್ಜಿಯ ಹಾಗೇ ಕರೆದಳಂತೆ, ಆಕಳು ಬಂದವಂತೆ.

ಆಕೆಯನ್ನು ಬಸ್ಸು ಹತ್ತಿಸಲು ಮೊಮ್ಮಗಳು ಹೋದಳು. ನಾನು ಕಟ್ಟೆಯ ಮೇಲೇ ಕುಳಿತೆ. ನನ್ನ ಅತ್ತೆ ನೆನಪಾದಳು. ನಾನು ಮದುವೆಯಾಗಿ ಬಂದ ಮೇಲೆ ಎಷ್ಟೋ ಕಾಲ ಕುರಿ ಕರೆದಿರಲಿಲ್ಲ. ಹಿಂಡಿಗೆ ಒಂದೇ ದನಿ ಇರಬೇಕು, ಇಬ್ಬರು ಕರೆದರೆ ಕುರಿ ಗೊಂದಲಕ್ಕೆ ಬೀಳುತ್ತವೆ, ಹಿರಿಯಳಿರುವಾಗ ಕಿರಿಯಳು ಕರೆಯಬಾರದು ಎಂಬುದು ನಮ್ಮ ಕಟ್ಟಳೆ. ಅತ್ತೆಯ ಕಣ್ಣು ಮಂಜಾದಾಗ ಒಂದು ಸಂಜೆ ದೊಡ್ಡಿಯ ಬಾಗಿಲಲ್ಲಿ ಕುಳಿತು, 'ಇವತ್ತಿನಿಂದ ನೀ ಕರಿ' ಎಂದಳು. ಕರೆದೆ. ಕೂಗನ್ನು ಎಳೆಯುವುದು ಕಡಿಮೆಯಾಯಿತು ಎಂದು ಬೈದಳು, ಆಮೇಲೆ ತಾನು ಮತ್ತೆಂದೂ ಕರೆಯಲಿಲ್ಲ.

ನಾನು ಕಾಲು ಹೋದ ಮೇಲೂ ಪ್ರತಿ ಸಂಜೆ ಬಾಗಿಲಲ್ಲಿ ನಿಂತು ಕರೆಯುತ್ತಲೇ ಇದ್ದೆ. ಯಾರಿಗೂ 'ನೀ ಕರಿ' ಎಂದಿರಲಿಲ್ಲ.

ಸಂಜೆಗೆ ಹಿಂಡು ಕಾಲುವೆಯ ಆಚೆ ನಿಂತಿತ್ತು, ಅರ್ಧ ಆಗಲೇ ಕಬ್ಬಿನ ಕಡೆ ಮುಖ ಮಾಡಿತ್ತು. ಸೊಸೆ ಕೋಲು ತೆಗೆದುಕೊಂಡು ಹೊರಟಳು. ಮಗ ಬಾಗಿಲಲ್ಲೇ ಇದ್ದ, ಮರುದಿನ ಬರುವ ವ್ಯಾಪಾರಿಗೆ ದೊಡ್ಡಿ ಗುಡಿಸುತ್ತಿದ್ದ.

"ಕೋಲ ಇಡು," ಎಂದೆ ಸೊಸೆಗೆ. "ಇವತ್ತಿನಿಂದ ನೀ ಕರಿ."

ಅವಳು ನನ್ನನ್ನು ನೋಡಿದಳು. ಮಗ ಪೊರಕೆ ಹಿಡಿದುಕೊಂಡೇ, ಯಾವ ಭಾಷೆಯಲ್ಲಿ ಕರೆಯುತ್ತಾಳೆ ಯವ್ವ ಎಂದು ನಕ್ಕ. ಸೊಸೆ ಅವನ ಕಡೆ ತಿರುಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಾಗಿಲಿನ ಕಲ್ಲಿನ ಮೇಲೆ, ನಾನು ನಿಲ್ಲುವ ಜಾಗದಲ್ಲೇ ನಿಂತಳು.

"ಹುರ್ರೋ... ಬರ್ರೆ ನಮ್ಮವ್ವಾ, ಪಾಣಿಗೆ ಬರ್ರೆ... ಹುರ್ರೋ..."

ನನ್ನ ಕೂಗು ಅದು. ಅಲ್ಲ, ನನ್ನದಕ್ಕಿಂತ ಹಳೆಯದು. ನಾನು ಗಿಡ್ಡ ಮಾಡಿದ್ದನ್ನು ಅವಳು ಉದ್ದ ಎಳೆದಳು, ನನ್ನ ಅತ್ತೆ ಎಳೆಯುತ್ತಿದ್ದ ಹಾಗೆ. ಅತ್ತೆಯನ್ನು ಅವಳು ಕಂಡವಳೇ ಅಲ್ಲ. ನಾನು ನೀರಿಗೆ ಎನ್ನುವಲ್ಲಿ ಅವಳು ಪಾಣಿ ಎಂದಳು, ಮರಾಠಿ ಶಬ್ದಕ್ಕೆ ನಮ್ಮ ಬಾಲ ಹಚ್ಚಿ.

ಮುಂದಿನ ಕುರಿ ಕತ್ತು ತಿರುಗಿಸಿತು. ಕಬ್ಬಿನ ಕಡೆಯವು ಹೊರಳಿದವು. ಕಾಲುವೆಯ ಸೇತುವೆ ದಾಟಿ ಧೂಳೆಬ್ಬಿಸಿಕೊಂಡು, ನನ್ನ ಪಕ್ಕದಿಂದಲೇ ಒಳಗೆ ಹೋದವು. ಒಂದೂ ನನ್ನನ್ನು ನೋಡಲಿಲ್ಲ.

ಮಗ ಪೊರಕೆ ಕೆಳಗಿಟ್ಟ.

ಇಷ್ಟು ದಿನ ಯಾಕೆ ಕರೆಯಲಿಲ್ಲ, ಹಿಂಡೇ ಹೋಗುತ್ತಿತ್ತಲ್ಲ ಎಂದು ಸೊಸೆಯನ್ನು ಗದರಿಸಿದೆ.

"ಹಾಕ ತುಮಚಿ ಹೋತಿ, ಆಯಿ," ಎಂದಳು. "ತುಮ್ಹಿ ಅಸತಾನಾ ಮಿ ಕಶಿ ಮಾರೂ?"

ಕೂಗು ನಿಮ್ಮದು, ನೀವಿರುವಾಗ ನಾನು ಹೇಗೆ ಕೂಗಲಿ ಎಂದು. ಹಿಂಡು ಕೈಬಿಟ್ಟು ಹೋದರೂ ಸರಿ, ಕೊಡದೆ ಮುಟ್ಟುವವಳಲ್ಲ. ನಮ್ಮ ಕಟ್ಟಳೆಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅದನ್ನು ಎಲ್ಲಿಂದ ತೆಗೆದುಕೊಂಡಳೋ ನನಗೆ ತಿಳಿಯದು. ಅವಳನ್ನು ನಾನು ಕನ್ನಡ ಬಾರದವಳು ಎಂದು ಲೆಕ್ಕ ಹಾಕಿದ್ದೆ.

ಮಗ ಅಂಗಳಕ್ಕೆ ಹೋಗಿ ವ್ಯಾಪಾರಿಗೆ ಫೋನು ಮಾಡಿದ. ಬರಬೇಡ ಎಂದದ್ದು ಮರಾಠಿಯಲ್ಲಿ.

ಈಗ ಸಂಜೆ ಅವಳು ಕರೆಯುತ್ತಾಳೆ, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ಕಲ್ಲಿನಿಂದ ಇಳಿದರೆ ಮತ್ತೆ ಮರಾಠಿಯೇ. ಹಿಂಡು ಕಾಲುವೆಯ ಹತ್ತಿರ ತಡ ಮಾಡಿದಾಗ ನನ್ನ ಬಾಯಿ ತಾನಾಗಿ ತೆರೆಯಲು ಬರುತ್ತದೆ. ಆಗ ಎಲೆಅಡಿಕೆ ಹಾಕಿಕೊಂಡು ಬಾಯಿ ಮುಚ್ಚುತ್ತೇನೆ. ಮೊನ್ನೆ ಕೆಮ್ಮಿದೆ, ಅಷ್ಟಕ್ಕೇ ಎರಡು ಮುದಿ ಕುರಿ ನನ್ನ ಕಡೆ ತಿರುಗಿದವು. ಸೊಸೆ ಇನ್ನಷ್ಟು ಉದ್ದ ಎಳೆದು ಕರೆದಳು. ಅವು ಅವಳ ಕಡೆಗೆ ಹೋದವು.