ಎರಡಡಿ ಕಲ್ಲು

ಮೊನ್ನೆ ಅಟ್ಟ ಗುಡಿಸುವಾಗ ಹಗ್ಗವೊಂದು ಮೈಮೇಲೆ ಬಿತ್ತು. ಅಡಿಗೊಂದು ಗಂಟು, ಐದು ಗಂಟಿಗೊಂದು ಕೆಂಪು ಬಟ್ಟೆಯ ಚೂರು, ತುದಿಯಲ್ಲಿ ಕಲ್ಲು. ನೆರೆಮನೆಯ ಟೀಚರ ಹಗ್ಗ. ಕಂಡದ್ದೇ ತಲೆಬಿಸಿಯಾಯಿತು, ಅಂದಿನ ಹಾಗೆಯೇ.

ಟೀಚರು ನಿವೃತ್ತರಾಗಿ ಒಬ್ಬರೇ ಇದ್ದರು. ಅವರ ಬಾವಿಗೂ ನಮ್ಮ ಬಾವಿಗೂ ನಡುವೆ ಒಂದು ಬೇಲಿ, ಅಷ್ಟೆ. ವಾರಕ್ಕೊಮ್ಮೆ ಎರಡಕ್ಕೂ ಹಗ್ಗ ಇಳಿಸಿ, ಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಎಂದು ನೋಡಿ ಹಳೆಯ ಕ್ಯಾಲೆಂಡರಿನ ಹಿಂದೆ ಚುಕ್ಕಿ ಇಡುವುದು ಅವರ ಚಾಳಿ. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕೆಂಪುಕಲ್ಲು ಕಟ್ಟಲು ಹೋದವನು. ಶುಕ್ರವಾರ ಜುಮಾ ನಮಾಜು ಮುಗಿಸಿ, ಹಸಿದ ಹೊಟ್ಟೆಯಲ್ಲಿ ಬಾವಿಗೆ ಬಗ್ಗಬೇಕು.

“ನೀರು ಇಳಿದಿದೆ ಟೀಚರ್” ಎಂದರೆ ಅವರಿಗೆ ಸಾಲದು.

“ಎಷ್ಟು? ಎಷ್ಟು ದಿನಕ್ಕೆ? ಹೋದ ವರ್ಷ ಇದೇ ವಾರ ಎಷ್ಟಿತ್ತು?”

“ನೀರು ಇರೋದು ಕುಡಿಲಿಕ್ಕೆ ಟೀಚರ್, ಪರೀಕ್ಷೆಗಲ್ಲ.”

“ಮುಂದಿನ ತಿಂಗಳೂ ಕುಡಿಲಿಕ್ಕೆ ಉಂಟಾ ಅಂತ ಗೊತ್ತಾಗ್ಲಿಕ್ಕೇ ಈ ಲೆಕ್ಕ ಮಾರಾಯ.”

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ನನ್ನ ತಾಯಿ, ಉಮ್ಮ ಸಾಕಿದ ಆಡಿನ ಮರಿ ನಮ್ಮ ಬಾವಿಗೆ ಬಿತ್ತು. ಮರುದಿನವೇ ಕಟ್ಟೆಯ ಮೇಲೆ ಎರಡಡಿ ಕಲ್ಲು ಏರಿಸಿದೆ. ಆ ಶುಕ್ರವಾರ ಹಗ್ಗ ಇಳಿಸಿದರೆ, ಒಂದೇ ವಾರದಲ್ಲಿ ನೀರು ಎರಡೂವರೆ ಅಡಿ ಕೆಳಗೆ. ನಾನು ಹೆದರಿದೆ. ಬೇಸಿಗೆಗೆ ಉಮ್ಮ ಎಲ್ಲಿಂದ ನೀರು ಹೊರುವುದು?

ಟೀಚರು ಚುಕ್ಕಿಗಳನ್ನು ನೋಡಿದರು. “ನನ್ನ ಬಾವಿ ಅರ್ಧ ಅಡಿ ಇಳಿದದ್ದು. ಪಕ್ಕದಲ್ಲೇ ಇರುವ ನಿನ್ನದು ಮಾತ್ರ ಎರಡೂವರೆ ಹೇಗೆ? ಎಲ್ಲೋ ತಪ್ಪುಂಟು. ಇನ್ನೊಮ್ಮೆ ಅಳೆ.”

“ನನಗೆ ಗಂಟು ಎಣಿಸ್ಲಿಕ್ಕೂ ಬರುದಿಲ್ವಾ ಟೀಚರ್?” ಎಂದು ಹಗ್ಗ ಎಸೆದು ಬಂದೆ. ಸರಿಯಾಗಿಯೇ ಎಣಿಸಿದ್ದೆ. ಮುಂದಿನ ವಾರವೇ ಲಾರಿ ತರಿಸಿ ಬೋರ್‌ವೆಲ್ ಕೊರೆಸಿದೆ. ನೀರು ಚಿಮ್ಮಿತು. ಊರಿಡೀ ಕೇಳುವ ಹಾಗೆ ಪಂಪು ಓಡಿಸಿದೆ.

ಬೇಸಿಗೆಯ ಅರ್ಧಕ್ಕೆ ನಮ್ಮ ಬಾವಿ ಬತ್ತಿತು. ಟೀಚರದ್ದೂ ಬತ್ತಿತು. ಬೋರ್‌ವೆಲ್ ಎಳೆದದ್ದಲ್ಲ, ಬಿಸಿಲು ಜಾಸ್ತಿ ಎಂದು ನಾನು ವಾದಿಸಿದೆ. “ಹನ್ನೊಂದು ಬೇಸಿಗೆಯ ಚುಕ್ಕಿ ಉಂಟು ನನ್ನ ಹತ್ರ. ಒಂದರಲ್ಲೂ ತಳ ಕಂಡಿಲ್ಲ” ಎನ್ನುತ್ತಾ ಅವರು ಕೋಲೂರಿಕೊಂಡು ನಮ್ಮ ಕಟ್ಟೆಯವರೆಗೆ ಬಂದರು. ಹೊಸ ಕಲ್ಲಿನ ಮೇಲೆ ಕೈ ಇಟ್ಟರು.

“ಇದು ಯಾವಾಗ ಕಟ್ಟಿದ್ದು?”

“ಆ ವಾರ.”

“ಎಷ್ಟು ಎತ್ತರ?”

“ಎರಡಡಿ.”

“ಎರಡೂವರೆಯಲ್ಲಿ ಎರಡು ಹೋದರೆ?”

ಅರ್ಧ… ನೀರು ಎಂದಿನಷ್ಟೇ ಇಳಿದಿತ್ತು. ಏರಿದ್ದು ನಾನು ಕಟ್ಟಿದ ಕಲ್ಲು. ಒಂದು ಬೈಗುಳ ಸಿಕ್ಕಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಆಮೇಲೆ ಅವರ ಮನೆಗೆ ಪೈಪು ಎಳೆದು ಕೊಟ್ಟೆ. “ಕಬ್ಬಿಣದ ವಾಸನೆ” ಎನ್ನುತ್ತಲೇ ಎರಡು ವರ್ಷ ಆ ನೀರನ್ನೇ ಕುಡಿದರು. ಕಾಯಿಲೆಯಾಗಿ, ಹಗ್ಗವನ್ನು ನನ್ನ ಕೈಗಿಟ್ಟು ಕುಂಬಳೆಯ ತಂಗಿಯ ಮನೆಗೆ ಹೋದವರು ಮತ್ತೆ ಬರಲಿಲ್ಲ…

ಮೊನ್ನೆ ಅದೇ ಹಗ್ಗ ಹಿಡಿದು ಅವರ ಬಾವಿಗೆ ಹೋದೆ. ಅವರ ಕಟ್ಟೆ ಅಂದಿನಷ್ಟೇ ಎತ್ತರ. ಅದನ್ನು ಮೊದಲು ನೋಡಿಕೊಂಡೆ. ಹಗ್ಗ ಬಿಟ್ಟೆ. ಕಲ್ಲು ತಳಕ್ಕೆ ಟಕ್ ಎಂದು ಬಡಿಯಿತು. ಗಂಟು ಎಣಿಸಿದೆ, ತಪ್ಪಿರಬಹುದೆಂದು ಇನ್ನೊಮ್ಮೆ ಇಳಿಸಿ ಎಣಿಸಿದೆ. ಚುಕ್ಕಿ ಇಡಲು ಕ್ಯಾಲೆಂಡರ್ ಇರಲಿಲ್ಲ.